ಫಿರೋಜಾ ಕಲ್ಲು ತೊಟ್ಟುಕೊಳ್ಳಿ, ನೆನೆಸಿ ಕುಡಿಯಬೇಡಿ

ಜಯನಗರದ ಒಂದು ಕರಕುಶಲ ಮೇಳದಿಂದ ಈಗಷ್ಟೇ ಬಂದೆ. ಕೋಪ ಇನ್ನೂ ಇಳಿದಿಲ್ಲ. ಮಳಿಗೆಯವರು ಕಾಲೇಜು ಹುಡುಗಿಯೊಬ್ಬಳಿಗೆ ಫಿರೋಜಾ ಮಣಿಗಳ ಬ್ರೇಸ್ಲೆಟ್ ತೋರಿಸುತ್ತಿದ್ದರು. ಟರ್ಕಾಯ್ಸ್ ಅಂತಾರಲ್ಲ, ಅದೇ ನೀಲಿ-ಹಸಿರು ಕಲ್ಲು. "ರಾತ್ರಿ ಉಪ್ಪುನೀರಲ್ಲಿ ನೆನೆಸಿಡಮ್ಮ, ನೆಗೆಟಿವ್ ಎನರ್ಜಿ ಹೋಗುತ್ತೆ. ಬೆಳಿಗ್ಗೆ ಒಳ್ಳೆ ನೀರಲ್ಲಿ ಹಾಕಿ ಆ ನೀರು ಕುಡಿ. ಥೈರಾಯ್ಡ್ ಇದ್ರೆ ವಾಸಿಯಾಗುತ್ತೆ" ಅಂದರು. ಅವಳು ಫೋನಿನಲ್ಲಿ ಬರೆದುಕೊಂಡಳು. ಬೇಡಮ್ಮ, ಕುಡಿಯಬೇಡ ಅಂತ ನಾನು ಜೋರಾಗಿಯೇ ಹೇಳಿದೆ.

ಭೂವಿಜ್ಞಾನ ಓದಿದ ಕಾಲದಿಂದ ನನಗೆ ಕಲ್ಲುಗಳ ಹುಚ್ಚು, ನಿಮಗೆಲ್ಲ ಗೊತ್ತೇ ಇದೆ. ಫಿರೋಜಾ ಅಂದರೆ ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಸೇರಿ ಆದ ಖನಿಜ. ನೀಲಿ ಬರುವುದು ತಾಮ್ರದಿಂದ. ಕಬ್ಬಿಣ ಸೇರಿದಷ್ಟೂ ಹಸಿರು ಜಾಸ್ತಿ. ಕಲ್ಲಿನ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ ಇದು 5ರಿಂದ 6 ಅಷ್ಟೇ. ನಮ್ಮ ಊರಿನ ದೂಳಿನಲ್ಲಿರುವ ಮರಳಿನ ಕಣವೇ 7, ಅದು ಉಜ್ಜಿದರೂ ಗೀರು ಬೀಳುತ್ತದೆ. ಮೈತುಂಬ ಸಣ್ಣ ಸಣ್ಣ ರಂಧ್ರ ಬೇರೆ. ಬೆವರು, ಎಣ್ಣೆ, ಸೋಪು, ಸೆಂಟು ಎಲ್ಲವನ್ನೂ ಹೀರಿಕೊಂಡು ಬಣ್ಣ ಮಂಕಾಗುತ್ತದೆ. ಲಡಾಖಿನಲ್ಲಿ ಹೆಂಗಸರು ತಲೆಗೆ ತೊಡುವ ಪೆರಾಕ್ ತುಂಬ ಈ ಕಲ್ಲನ್ನು ಹೊಲಿದಿರುತ್ತಾರೆ, ತಾಯಿಯಿಂದ ಮಗಳಿಗೆ ಬರುವ ಆಸ್ತಿ ಅದು. ತಲೆಮಾರು ದಾಟಿ ಬಾಳುವ ಕಲ್ಲನ್ನು ಉಪ್ಪುನೀರಿಗೆ ಹಾಕಿ ಕೆಡಿಸೋದಾ?

ಕಲ್ಲು ನೆನೆಸಿದ ನೀರು ಕುಡಿಯುವುದಂತೂ ಬೇಡವೇ ಬೇಡ. ಅಗ್ಗಕ್ಕೆ ಸಿಗುವ ಎಷ್ಟೋ 'ಫಿರೋಜಾ' ಫಿರೋಜಾ ಅಲ್ಲವೇ ಅಲ್ಲ. ಹೌಲೈಟ್, ಮ್ಯಾಗ್ನೆಸೈಟ್ ಅನ್ನೋ ಬಿಳಿ ಕಲ್ಲಿಗೆ ಬಣ್ಣ ಹಾಕಿರುತ್ತಾರೆ. ಅಸಲಿ ಕಲ್ಲಿಗೂ ಗಟ್ಟಿಯಾಗಲಿ ಅಂತ ರೆಸಿನ್, ಅಂದರೆ ಪ್ಲಾಸ್ಟಿಕ್‌ನಂಥ ಅಂಟು, ತುಂಬಿರುತ್ತಾರೆ. ಲೋಟಕ್ಕೆ ಏನು ಇಳಿಯುತ್ತಿದೆ ಅಂತ ಯಾರಿಗೆ ಗೊತ್ತು?

"ತಾಮ್ರದ ಚೊಂಬಿನ ನೀರು ಕುಡಿಯಲ್ವಾ?" ಅಂತ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು. ಕುಡಿಯುತ್ತೇವೆ ಸರ್. ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತೇವೆ, ಅದರಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಬಣ್ಣ ಬಳಿದ ಕಲ್ಲಿಗೂ ಅದಕ್ಕೂ ಏನು ಸಂಬಂಧ?

ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಫಿರೋಜಾ ಕಾಪಾಡುತ್ತದೆ, ಗಂಟಲಿನ ವಿಶುದ್ಧಿ ಚಕ್ರಕ್ಕೆ ಒಳ್ಳೆಯದು ಅಂತ ನಂಬುವವರು ತೊಟ್ಟುಕೊಳ್ಳಲಿ. ನನ್ನ ಬೆರಳಲ್ಲೂ ಒಂದಿದೆ. ಅಮ್ಮ ಐಸಿಯುನಲ್ಲಿದ್ದಾಗ ರಾತ್ರಿಯಿಡೀ ಆ ಉಂಗುರ ತಿರುಗಿಸುತ್ತಾ ಕೂತಿದ್ದೆ. ನನಗೆ ಧೈರ್ಯ ಕೊಟ್ಟಿದ್ದು ನಿಜ. ಅಮ್ಮನನ್ನು ಉಳಿಸಿದ್ದು ಔಷಧಿ. ಥೈರಾಯ್ಡ್ ಮಾತ್ರೆ ಬಿಟ್ಟು ಕಲ್ಲಿನ ನೀರು ಕುಡಿದರೆ ಆಗುವ ಅನಾಹುತಕ್ಕೆ ಆ ಮಳಿಗೆಯವರು ಹೊಣೆ ಹೊರುತ್ತಾರಾ?

ಫಿರೋಜಾ ಇದ್ದರೆ ಇಷ್ಟು ಮಾಡಿ, ಸಾಕು. ಸೆಂಟು, ಕ್ರೀಮ್ ಎಲ್ಲ ಆದಮೇಲೆ ಕೊನೆಗೆ ತೊಡಿ. ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ ತೆಗೆದಿಡಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೇರೆ ಒಡವೆಗೆ ತಾಗದಂತೆ ಸಣ್ಣ ಚೀಲದಲ್ಲಿಡಿ. ಬಿಸಿಲಲ್ಲಿ ಒಣಹಾಕಬೇಡಿ. ಕೊಳ್ಳುವಾಗ ಬಾಯಿಬಿಟ್ಟು ಕೇಳಿ: ಬಣ್ಣ ಹಾಕಿದ್ದಾ, ರೆಸಿನ್ ತುಂಬಿದ್ದಾ? ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ.