ಸರ, ನಿಮ್ಮ ಅತ್ತಿ ಸಿಡದಾರ್ರಿ

ಮಣ್ಣಾಗ ಕೈ ಇಡೋ ಹುಚ್ಚು ನನಗ ಸಣ್ಣಾಂವ ಇದ್ದಾಗಿಂದ ಐತಿ, ಮಣ್ಣೆತ್ತಿನ ಅಮಾಸಿಗೆ ಓಣಿ ಮಂದಿಗೆಲ್ಲಾ ಎತ್ತು ಮಾಡಿ ಕೊಡತಿದ್ದೆ, ಅವು ಎತ್ತಿನಕಿಂತ ಹಂದಿ ಕಂಡಂಗ ಕಾಣತಿದ್ವು ಅಂತ ಅವ್ವ ಇವತ್ತಿಗೂ ಹೇಳತಾಳ, ಆದ್ರ ಅವಕ್ಕ ಕೋಡು ಇದ್ವು ಅನ್ನೋದನ್ನ ಮಾತ್ರ ಮರೀತಾಳ. ಈಗ ಬಾಗಲಕೋಟಿ ನವನಗರದಾಗ ಮನಿ, ಹಿತ್ತಲದಾಗ ಒಂದ್ ತಗಡಿನ ಶೆಡ್ಡು, ಅದಕ್ಕ ನಾ ಸ್ಟುಡಿಯೋ ಅಂತೀನಿ, ಹೆಂಡ್ತಿ ಕೊಟಗಿ ಅಂತಾಳ. ಹೋದ ಬ್ಯಾಸಗ್ಯಾಗ ಅಲ್ಲೇ ಕುಂತು ಒಂದ್ ದೊಡ್ಡ ವಿಚಾರ ಮಾಡಿದೆ, ನನ್ನ ಜೀವನದಾಗ ಮುಖ್ಯ ಆದ ಐದ್ ಮಂದಿ ಹೆಣ್ಮಕ್ಕಳ ಮೂರ್ತಿ ಮಾಡಬೇಕು. ಅಜ್ಜಿ, ಅವ್ವ, ಹೆಂಡ್ತಿ, ಅತ್ತಿ, ಮತ್ತ ಒಂದನೇತ್ತಾದಾಗ ನನ್ನ ಕೈಗೆ ಬಳಪ ಹಿಡಿಸಿದ ಅಕ್ಕೋರು. ಅತ್ತಿ ಹೆಸರು ಮೊದಲಿನ ಲಿಸ್ಟಿನಾಗ ಇರಲಿಲ್ಲ, ಹೆಂಡ್ತಿ ಲಿಸ್ಟ್ ನೋಡಿದ ಮ್ಯಾಲೆ ಬಂತು.

ಇದೆಲ್ಲಾ ತಲ್ಯಾಗ ಹೊಕ್ಕಿದ್ದು ಪಟ್ಟದಕಲ್ಲಿಗೆ ಹೋಗಿ ಬಂದ ಮ್ಯಾಲೆ. ಅಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, 8ನೇ ಶತಮಾನದಾಗ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದು ಬಂದ ನೆಪ್ಪಿಗೆ. ಬಾಜೂಕಿನ ಮಲ್ಲಿಕಾರ್ಜುನ ಗುಡಿ ಅಕಿ ತಂಗಿ ತ್ರೈಲೋಕ್ಯಮಹಾದೇವಿದು, ಅಕಿಗೂ ಗಂಡ ಅವನ. ಇದನ್ನ ಹೆಂಡ್ತಿಗೆ ಭಾಳ ಹುರುಪಿಲೆ ಹೇಳಿದ್ರ ಅಕಿ ರೊಟ್ಟಿ ಬಡಿಯೋದು ನಿಲ್ಲಸದ "ಅಂವ ಕಂಚಿ ಗೆದ್ದಿದ್ದ, ನೀವೇನ್ ಗೆದ್ದೀರಿ?" ಅಂದ್ಳು. ಅದಕ್ಕ ನಾ, ಇದು ಉಲ್ಟಾ ಸ್ಕೀಮು, ಇಲ್ಲಿ ಗಂಡ ಮಾಡಾಂವ ಹೆಂಡ್ತಿ ಮೂರ್ತಿ ಅಂದೆ. ಅಲ್ಲಿ ಗುಂಡ ಅನ್ನೋ ಶಿಲ್ಪಿಗೆ ತ್ರಿಭುವನಾಚಾರಿ ಅಂತ ಬಿರುದು ಸಿಕ್ಕಿತ್ತು, ನನಗ ಆ ಕ್ಷಣದಾಗ ಅಡಗಿಮನ್ಯಾಗ ಸಿಕ್ಕ ಬಿರುದು ಇಲ್ಲಿ ಬರಿಯೂ ಹಂಗಿಲ್ಲ ಬಿಡ್ರಿ.

ಮೊದಲ ಅಜ್ಜಿ. ಮಣ್ಣು ಫುಕಟ್ ಸಿಗತೈತಿ ಅಂತ ಹೊಲದಾಗಿನ ಎರಿಮಣ್ಣ ತಂದೆ, ಅದ ನಾ ಮಾಡಿದ ಮೊದಲನೇ ಶ್ಯಾಣ್ಯಾತನ. ಎರಿ ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರಿತೈತಿ, ಬ್ಯಾಸಗ್ಯಾಗ ಹೊಲದಾಗ ಕಾಲು ಹೋಗುವಷ್ಟು ಬಿರುಕು ನೋಡಿ ಬೆಳದಾಂವ ನಾ, ಆದ್ರೂ ತಂದೆ. ಮೂರನೇ ದಿನಕ್ಕ ಅಜ್ಜಿ ಮಾರಿತುಂಬ ಸಣ್ಣ ಸಣ್ಣ ಬಿರುಕು ಬಂದ್ವು. ಅವತ್ತು ಮನಿಗೆ ಬಂದ ಗೆಳ್ಯಾ ಒಬ್ಬ "ಅಬಬಬ, ಏನ್ ಸುಕ್ಕು ತಗದೀಲೇ, ಏನ್ ಡೀಟೇಲು!" ಅಂದು ಫೋಟೋ ಹೊಡಕೊಂಡ, ನಾನೂ ಸುಮ್ಮನ ನಕ್ಕೆ, ಒಪ್ಪಿಕೊಳ್ಳೋ ಮಂದಿ ಯಾರದಾರ. ಮರುದಿನ ಮುಂಜಾನೆ ಮೂಗು ಬಿದ್ದಿತ್ತು, ಸಂಜಿಗೆ ಗದ್ದ.

ಆಮ್ಯಾಲೆ ಬುದ್ಧಿ ಬಂದು ಖಾನಾಪುರದ ಕಡಿಂದ ಎರಡು ಚೀಲ ಮಣ್ಣ ತರಿಸಿದೆ. ಛಲೋ ಮಣ್ಣು, ಬೆಣ್ಣಿ ಹಂಗ ಬರತೈತಿ. ಅವ್ವ, ಹೆಂಡ್ತಿ, ಅತ್ತಿ, ಅಕ್ಕೋರು ನಾಕೂ ಎದಿಮಟ ಆದ್ವು. ಅವ್ವ ತನ್ನ ಮೂರ್ತಿ ನೋಡಿ ಮಾರಿ ಬಗ್ಗೆ ಒಂದ್ ಮಾತೂ ಆಡಲಿಲ್ಲ, ಸೀರಿ ನೋಡಿದ್ಳು. ನಾ ಸೆರಗಿಗೆ ಭಾಳ ಕಷ್ಟ ಬಿದ್ದು ಇಳಕಲ್ಲಿನ ತೋಪತೆನಿ ಕೆತ್ತಿದ್ದೆ, "ತೆನಿ ತಲಿಕೆಳಗ ಆಗ್ಯಾವು, ನಾ ಏನ್ ಸೀರಿ ಉಲ್ಟಾ ಉಟ್ಟೀನೇನ" ಅಂದು ಹೋದ್ಳು. ಹೆಂಡ್ತಿ ತನ್ನದನ್ನ ಸುತ್ತ ಎರಡು ರೌಂಡ್ ಹಾಕಿ, ಗಲ್ಲ ದಪ್ಪ ಆಗ್ಯಾವು ಅಂದ್ಳು. ಮಣ್ಣು ಒಣಗಿ ಸುಟ್ಟು ಬರೂದ್ರಾಗ ನೂರಕ್ಕ ಹತ್ತರ ಹತ್ತಿರ ಕುಗ್ಗತೈತಿ, ಅದಕ್ಕ ಮೊದಲ ದೊಡ್ಡದ ಮಾಡಬೇಕಾಗತೈತಿ ಅಂತ ತಿಳಿಸಿ ಹೇಳಿದೆ. "ಹಂಗಾರ ಎರಡ್ ಸಲ ಸುಡ್ರಿ" ಅಂದ್ಳು.

ಒಣಗಸಾಕ ನಾಕನ್ನೂ ಮುಂದಿನ ಕಟ್ಟಿ ಮ್ಯಾಲೆ ನೆರಳಾಗ ಇಟ್ಟಿದ್ದೆ. ಆಷಾಢ ಹತ್ತಿತ್ತು, ಅವತ್ತು ಮಂಗಳವಾರ ಅನ್ನೋದು ನನ್ನ ಲಕ್ಷ್ಯದಾಗ ಇರಲಿಲ್ಲ. ಸಂಜಿಗೆ ಬಂದು ನೋಡಿದ್ರ ಅಕ್ಕೋರು ನಾಪತ್ತಿ. ಓಣಿ ಹುಡುಗ್ಯಾರು ಅವರನ್ನ, ಆಷಾಢದ ಮಂಗಳವಾರ ಮಣ್ಣಾಗ ಮಾಡಿ ಪೂಜಿ ಮಾಡೋ ಗುಳ್ಳವ್ವ ಅಂತ ತಿಳಕೊಂಡು ಎತ್ತಿಕೊಂಡು ಹೋಗಿ, ಕಣ್ಣಿಗೆ ಗುಲಗಂಜಿ ಒತ್ತಿ, ಕೊಳ್ಳಿಗೆ ಕುಸುಬಿ ಕಾಳಿನ ಸರ ಚುಚ್ಚಿ, ಮುಂದ ಹಾಡು ಹೇಳಕೋತ ಕುಂತಿದ್ರು. ಒಂದನೇತ್ತಾದಾಗ ನನಗ ಮೊಣಕಾಲ ಮ್ಯಾಲೆ ಕುಂಡ್ರಸಿದ್ದ ಅಕ್ಕೋರು ಕೆಂಪು ಕಣ್ಣ ಬಿಟ್ಟು ಆರತಿ ತಗೋತಿದ್ರು. ಖರೇ ಹೇಳತೀನಿ, ನಾ ಮಾಡಿದ್ದಕಿಂತ ಹುಡುಗ್ಯಾರು ಮಾಡಿದ್ದ ಭಾಳ ಹೋಲತಿತ್ತು. ವಾಪಸ್ ಕೇಳೂ ಧೈರ್ಯ ಆಗಲಿಲ್ಲ. ಮರುದಿನ ಬುತ್ತಿ ಕಟಕೊಂಡು ಹೋಗಿ ಬೇವಿನ ಗಿಡದ ಬುಡಕ್ಕ ಇಟ್ಟ ಬಂದ್ರು, ರಾತ್ರಿ ಮಳಿ ಆತು, ಮುಗೀತು.

ಉಳದ ಮೂರನ್ನ ಹಳ್ಳಿಯ ಕುಂಬಾರ ಅಣ್ಣನ ಆವಿಗಿಗೆ ಒಯ್ದೆ. ಅಂವ ಬೆರಳಲೇ ತಟ್ಟಿ ತಟ್ಟಿ ನೋಡಿ, ಒಳಗ ಪೊಳ್ಳು ಮಾಡೀರಿಲ್ರಿ ಅಂತ ಕೇಳಿದ, ಗಟ್ಟಿ ಮಣ್ಣಿನಾಗ ಹಸಿ ಉಳದಿದ್ರ ಬೆಂಕ್ಯಾಗ ಅದು ಉಗಿ ಆಗಿ ಹೊರಗ ಬರಾಕ ದಾರಿ ಸಿಗದ ಒಡೀತೈತಿ ಅಂದ. ಅವ್ವಂದೂ ಹೆಂಡ್ತಿದೂ ಪೊಳ್ಳು ಮಾಡಿದ್ದೆ, ಅತ್ತೀದು ಕಡೀಕ್ ಗಡಿಬಿಡಿಯಾಗ ಮಾಡಿದ್ದು, ತಲಿ ತುಂಬ ಮಣ್ಣ ಹಂಗ ಉಳದಿತ್ತು. ಏ ನಡೀತೈತಿ ಹಾಕೋ ಅಂದೆ.

ಮರುದಿನ ಮನ್ಯಾಗ ಎಲ್ಲಾರೂ ಊಟಕ್ಕ ಕುಂತೀವಿ, ಖಾಸ ಅತ್ತೀನೂ ಬಂದಾರ, ಫೋನ್ ಬಂತು, ಕೈ ಎಂಜಲಾ ಅಂತ ಮಗ ಸ್ಪೀಕರಿಗೆ ಹಾಕಿದ.

"ಸರ, ನಿಮ್ಮ ಅತ್ತಿ ಸಿಡದಾರ್ರಿ. ತಲಿ ಢಂ ಅಂತ ಹಾರಿ ನಿಮ್ಮ ಮಿಸೆಸ್ ಮೂಗಿಗೆ ಬಡದೈತ್ರಿ. ನಿಮ್ಮವ್ವಾರು ಮಾತ್ರ ಗಟ್ಟಿ ಅದಾರ್ರಿ."

ಅವ್ವ ತಾಟಿನಾಗಿಂದ ತಲಿ ಎತ್ತದ ಇನ್ನೊಂದು ರೊಟ್ಟಿ ಹಾಕಿಸಿಕೊಂಡ್ಳು. ಅಕಿ ಮಾರಿ ಮ್ಯಾಲಿನ ಸಮಾಧಾನ ಮಣ್ಣಾಗ ಮಾಡಾಕ ನನಗ ಈ ಜನ್ಮದಾಗ ಆಗೂದಿಲ್ಲ.

ಅಜ್ಜಿ ಮಾತ್ರ ಬಾಕಿ ಉಳದಿದ್ಳು. ಅಕಿ ಮನಿ ಹಳೇ ಬಾಗಲಕೋಟ್ಯಾಗಿತ್ತು, ಆಲಮಟ್ಟಿ ಹಿನ್ನೀರಿಗೆ ಹೋತು, ಸಾಮಾನ ಹೊರೂ ಗದ್ದಲದಾಗ ಫೋಟೋದ ಟ್ರಂಕೂ ಹೋತು. ಉಳದಿದ್ದು ಒಂದ ಮದವಿ ಗ್ರೂಪ್ ಫೋಟೋ, ಅದರಾಗ ಅಜ್ಜಿ ಸೆರಗು ಮೂಗಿನ ಮಟ ಎಳಕೊಂಡಾಳ. ಎರಿಮಣ್ಣಾಗ ಮಾಡಿದ್ದೂ ಅಂದಾಜಿನಾಗ ಮಾಡಿದ್ದ, ಸುಳ್ಳ್ ಯಾಕ. ಎಂಟ್ ದಿನ ಮಣ್ಣ ಮುಂದಿಟ್ಟುಕೊಂಡು ಕುಂತೆ, ಕಣ್ಣ ಮುಚ್ಚಿದ್ರ ಮಾರಿ ಬರವಲ್ದು, ಬರೂದು ಕೈ, ಒಲಿ ಬೆಳಕಿನಾಗ ಜ್ವಾಳದ ಹಿಟ್ಟು ತಟ್ಟೋ ಬಲಗೈ, ಹಸರ ಬಳಿ, ಸುಟ್ಟ ಕಲಿ ಇದ್ದ ಹೆಬ್ಬೆಟ್ಟು. ನನಗ ರೊಟ್ಟಿ ಬಡಿಯೋದನ್ನೂ ನನ್ನ ಬಡಿಯೋದನ್ನೂ ಅದ ಕೈ ಮಾಡತಿತ್ತು. ಕಡೀಕ ಅದನ್ನ ಮಾಡಿದೆ, ಮೊಣಕೈಮಟ, ಬೆರಳು ಅಗಲ ಮಾಡಿ, ಒಂದ ದಿನದಾಗ ಆತು. ಪೊಳ್ಳೂ ಮಾಡಿದೆ.

ಅವ್ವಗ ತೋರಿಸಿದೆ. ಚಷ್ಮಾ ಹಾಕೊಂಡು ಭಾಳೊತ್ತು ನೋಡಿ, ಕಿರಿಬೆರಳು ಮುಟ್ಟಿ, "ಇದು ಹಿಂಗಿರಲಿಲ್ಲಲೇ, ಹಿಟ್ಟಿನ ಗಿರಣ್ಯಾಗ ಬಡಿಸಿಕೊಂಡು ಹೊರಗ ಸೊಟ್ಟ ಆಗಿತ್ತು" ಅಂದ್ಳು. ಅಂದಾಕಿ ತಾನ ಒತ್ತಿ ಸೊಟ್ಟ ಮಾಡಿದ್ಳು. ನನಗ ಈ ಸುದ್ದಿನ ಗೊತ್ತಿರಲಿಲ್ಲ.

ಆ ಕೈ ಈಗ ಸುಟ್ಟು ಬಂದು ಟೀವಿ ಬಾಜೂಕ ನಿಂತೈತಿ. ಹೆಂಡ್ತಿ ಅದರ ಸೊಟ್ಟ ಕಿರಿಬೆರಳಿಗೆ ಸ್ಕೂಟಿ ಚಾವಿ ಹಾಕತಾಳ, ಭಾಳ ಅನುಕೂಲ ಐತಿ ಅಂತಾಳ. ಅತ್ತಿ ವಾರಕ್ಕೊಮ್ಮೆ ಊರಿಂದ ಫೋನ್ ಮಾಡಿ, "ಅಳ್ಯಾನಾರ, ನಾ ಒಣಗೀನೇನ್ರಿ?" ಅಂತ ಕೇಳತಾರ. ಇನ್ನೂ ಹಸಿ ಅದೀರಿ ಅಂತ ಹೇಳಕೋತ ಹೊಂಟೀನಿ.