ಲೆಕ್ಕ ಸಾಫ್ಟ್‌ವೇರ್‌ನದು, ಅಂದಾಜು ಯಾರದು?
ಒಳ್ಳೆಯ ಆಕ್ಚುರಿಯಲ್ ಸಾಫ್ಟ್‌ವೇರ್ (ವಿಮೆಯ ಅಪಾಯಗಳ ಲೆಕ್ಕ ಹಾಕುವ ಸಾಫ್ಟ್‌ವೇರ್) ಕೊಂಡರೆ ವಿಮಾ ಕಂಪನಿಗೆ ಸಾಲ್ವೆನ್ಸಿ ನಿಯಮದ, ಅಂದರೆ ಕೊಟ್ಟ ಮಾತು ಉಳಿಸಿಕೊಳ್ಳಲು ಸಾಕಷ್ಟು ಬಂಡವಾಳ ಇಟ್ಟಿರಬೇಕೆಂಬ ನಿಯಮದ ಚಿಂತೆ ಇರುವುದಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಯುರೋಪಿನಲ್ಲಿ 2016ರಿಂದ ಜಾರಿಯಲ್ಲಿರುವ ಸಾಲ್ವೆನ್ಸಿ 2 ನಿಯಮಗಳ ಪ್ರಕಾರ, 200 ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ವರ್ಷವನ್ನೂ ತಡೆದುಕೊಳ್ಳುವಷ್ಟು ಬಂಡವಾಳ ಇರಬೇಕು. ಬಡ್ಡಿ ಇಳಿದರೆ, ಷೇರು ಕುಸಿದರೆ, ಜನ ಪಾಲಿಸಿ ಅರ್ಧಕ್ಕೆ ಬಿಟ್ಟರೆ ಏನಾಗುತ್ತೆ ಅಂತ ಲಕ್ಷಾಂತರ ಪಾಲಿಸಿಗಳಿಗೆ ಮತ್ತೆ ಮತ್ತೆ ಲೆಕ್ಕ ಹಾಕುವುದು ಕೈಯಲ್ಲಿ ಆಗುವ ಕೆಲಸವಲ್ಲ.

ಆದರೆ ಎಷ್ಟು ಜನ ಬಿಡಬಹುದು ಅನ್ನೋ ಅಂದಾಜನ್ನು ಸಾಫ್ಟ್‌ವೇರ್‌ಗೆ ತುಂಬುವವರು ಮನುಷ್ಯರೇ ಅಲ್ವಾ? ಬ್ರಿಟನ್ನಿನ ಜೀವ ವಿಮಾ ಸಂಸ್ಥೆ ಈಕ್ವಿಟಬಲ್ ಲೈಫ್ ನೋಡಿ. 1762ರಲ್ಲಿ ಶುರುವಾದ ಸಂಸ್ಥೆ. ಎಷ್ಟೋ ಪಾಲಿಸಿಗಳಲ್ಲಿ ಇಂತಿಷ್ಟೇ ದರದಲ್ಲಿ ಪಿಂಚಣಿ ಕೊಡುತ್ತೇವೆ ಎಂದು ಖಾತ್ರಿ ಕೊಟ್ಟಿತ್ತು. ಮುಂದೆ ಬಡ್ಡಿ ಇಳಿಯಿತು, ಜನರ ಆಯಸ್ಸು ಹೆಚ್ಚಿತು. ಆ ಖಾತ್ರಿಗೆ ಬೇಕಾದಷ್ಟು ಹಣ ತೆಗೆದಿಟ್ಟಿರಲಿಲ್ಲ. 2000ದಲ್ಲಿ ಆ ಖಾತ್ರಿ ಕುರಿತ ಮೊಕದ್ದಮೆಯಲ್ಲಿ ಸೋತು, ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ಪಾಲಿಸಿ ಮಾರುವುದನ್ನೇ ನಿಲ್ಲಿಸಿತು. ಅಲ್ಲಿ ಇಂಥ ಲೆಕ್ಕ ಹಾಕುವ ತಜ್ಞರಿಗೆ, ಅಂದರೆ ಆಕ್ಚುರಿಗಳಿಗೇನೂ ಬರ ಇರಲಿಲ್ಲ!

ನಮ್ಮಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಕೇಳುವುದು ಕನಿಷ್ಠ ಶೇ 150 ಸಾಲ್ವೆನ್ಸಿ ಅನುಪಾತ, ಅಂದರೆ ಸೂತ್ರ ಹೇಳುವ ಬಂಡವಾಳದ ಒಂದೂವರೆ ಪಟ್ಟು. ಜೀವ ವಿಮೆಯಲ್ಲಿ ಆ ಸೂತ್ರ ಮುಖ್ಯವಾಗಿ ಮೀಸಲು ಹಣ (ಮುಂದೆ ಪಾಲಿಸಿದಾರರಿಗೆ ಕೊಡಲು ತೆಗೆದಿಡುವ ಹಣ) ಮತ್ತು ಅಪಾಯದಲ್ಲಿರುವ ವಿಮಾ ಮೊತ್ತದ (ಸಾವಾದರೆ ಕೊಡಬೇಕಾದ ಮೊತ್ತದಲ್ಲಿ ಮೀಸಲು ಕಳೆದು ಉಳಿಯುವುದು) ಮೇಲೆ ಇಂತಿಷ್ಟು ಪರ್ಸೆಂಟ್ ಅಂತ ನಿಂತಿದೆ. ಆ ಭಾಗಕ್ಕೆ ಎಕ್ಸೆಲ್ ಸಾಕು. ಕಷ್ಟ ಇರುವುದು ಮೀಸಲು ಎಷ್ಟು ಅಂತ ತೀರ್ಮಾನಿಸುವುದರಲ್ಲಿ. ಅಪಾಯ ಆಧಾರಿತ ಬಂಡವಾಳ ಪದ್ಧತಿ ಬಂದರಂತೂ ಅಂದಾಜುಗಳ ಪಾತ್ರ ಇನ್ನೂ ಜಾಸ್ತಿ. ಅವನ್ನು ಕಂಪನಿಯೊಳಗೆ ಯಾರು ಪ್ರಶ್ನಿಸಬೇಕು ಅನ್ನುವುದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ?