ನಾಸ್ ಏಳದಿದ್ದರೆ ಮೊದಲು ಕೈಕಟ್ಟಿ ಕೂರಿ

ಮಳೆಗಾಲ ಹಿಡಿದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿಯಲ್ಲೂ ಅದೇ ದೂರು: ರಾತ್ರಿ ಕರೆಂಟು ಹೋಗಿ ಬಂತು, ಬೆಳಿಗ್ಗೆ ನಾಸ್ (ನೆಟ್‌ವರ್ಕಿನಲ್ಲಿ ಎಲ್ಲರೂ ಬಳಸುವ, ಹಾರ್ಡ್ ಡಿಸ್ಕುಗಳ ಪೆಟ್ಟಿಗೆ) ಏಳಲಿಲ್ಲ. ಸ್ಟುಡಿಯೋದವರ ಮದುವೆ ಫೋಟೋ, ಅಡಿಕೆ ವಖಾರಿಯ ಲೆಕ್ಕ, ವರ್ಷಗಟ್ಟಲೆ ಕೂಡಿಟ್ಟ ಯಕ್ಷಗಾನದ ರೆಕಾರ್ಡಿಂಗು ಎಲ್ಲ ಅದರ ಹೊಟ್ಟೆಯಲ್ಲೇ. ನನ್ನನ್ನು ಕೇಳಿದರೆ, ಸಿಡಿಲು ತಿಂದ ಡೇಟಾಕ್ಕಿಂತ ಆಮೇಲಿನ ಒಂದು ತಾಸಿನ ನಮ್ಮ ಅವಸರ ತಿಂದದ್ದೇ ಹೆಚ್ಚು.

ಮೊದಲ ಅನುಮಾನ ಅಡಾಪ್ಟರ್ ಮೇಲಿರಲಿ. ಎರಡು ಡಿಸ್ಕಿನ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ 12 ವೋಲ್ಟಿನ, ಸುಮಾರು 5 ಆಂಪಿಯರ್‌ನ ಅಡಾಪ್ಟರ್ ಇರುತ್ತದೆ. ಒಳಗಿನ ಕೆಪಾಸಿಟರ್ ಬತ್ತಿದ್ದರೂ ಬರಿದೇ ಅಳೆದಾಗ ಮಲ್ಟಿಮೀಟರ್ 12 ಎಂದೇ ತೋರಿಸೀತು. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ ಒಂದೊಂದೂ 2 ಆಂಪಿಯರ್‌ವರೆಗೆ ಎಳೆಯುತ್ತದೆ; ಆಗ ವೋಲ್ಟೇಜ್ ಕುಸಿದುಬೀಳುತ್ತದೆ. ದೀಪ ಹತ್ತುತ್ತದೆ, ಡಿಸ್ಕ್ ಗುಂಯ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುಂಯ್. ಹೀಗಾದರೆ ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು, ಪಿನ್ನಿನ ಪ್ಲಸ್-ಮೈನಸ್ ಅದೇ. ತೂತಿಗೆ ಕೂತಿತೆಂದು ಲ್ಯಾಪ್‌ಟಾಪಿನ 19 ವೋಲ್ಟಿನದನ್ನು ಚುಚ್ಚಿದರೆ ಡಿಸ್ಕೂ ಹೋದೀತು.

ಅಡಾಪ್ಟರ್ ಸರಿಯಿದ್ದರೆ ಸತ್ತದ್ದು ಬಹುಶಃ ಪೆಟ್ಟಿಗೆಯ ಬೋರ್ಡು, ಡಿಸ್ಕುಗಳು ಚೆನ್ನಾಗಿಯೇ ಇರಬಹುದು. ಹೊರತೆಗೆಯುವ ಮೊದಲು ಯಾವ ಗೂಡಿನದು ಯಾವುದೆಂದು ಮಾರ್ಕರ್‌ನಲ್ಲಿ 1, 2 ಬರೆಯಿರಿ. ರಿಸೆಟ್ ಒತ್ತಬೇಡಿ. ಬೇರೆ ಕಂಪನಿಯ ಪೆಟ್ಟಿಗೆಗೆ ತುರುಕಬೇಡಿ, ಅದು ಡಿಸ್ಕನ್ನು ಅಳಿಸಿ ಹೊಸದಾಗಿ ಅಣಿಮಾಡಲು ಹೊರಡುತ್ತದೆ. ವಿಂಡೋಸ್‌ಗೆ ಸಿಕ್ಕಿಸಿದರೆ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ; ಒಳಗಿರುವುದು ಲಿನಕ್ಸ್ ಫೈಲ್ ಸಿಸ್ಟಂ, ವಿಂಡೋಸ್‌ಗೆ ಓದಲು ಬಾರದು, ಅಷ್ಟೇ. ಬೇಡ ಅನ್ನಿ.

ಕರಾವಳಿಯವರು ಕನೆಕ್ಟರ್‌ಗಳನ್ನೂ ನೋಡಬೇಕು. ಡಿಸ್ಕನ್ನು ಪೆಟ್ಟಿಗೆಗೆ ಜೋಡಿಸುವ ಸಾಟಾ ಪಿನ್ನುಗಳು ಉಪ್ಪುಗಾಳಿಗೆ ಮಂಕಾದರೆ ಒಳ್ಳೆಯ ಡಿಸ್ಕೂ ಕೆಟ್ಟಂತೆ ಕಾಣುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಸಾಲು ಮಾತ್ರ ಏರಿದ್ದರೆ ತಪ್ಪು ಕೇಬಲ್ ಅಥವಾ ಪಿನ್ನಿನದು. 5, 197, 198 ಏರಿದ್ದರೆ ಡೇಟಾ ಬರೆದಿರುವ ತಟ್ಟೆಯ ಮೇಲ್ಮೈಯೇ ಕೆಡುತ್ತಿದೆ. ಇನ್ನೊಂದು ಜಾಗ ಹಲವರಿಗೆ ಗೊತ್ತಿಲ್ಲ. ಡಿಸ್ಕಿನ ಹಸಿರು ಬೋರ್ಡನ್ನು ನಕ್ಷತ್ರ ತಲೆಯ ಸ್ಕ್ರೂ ಬಿಚ್ಚಿ ಮಗುಚಿದರೆ, ಒಳಗೆ ತಟ್ಟೆಯನ್ನು ಓದುವ ಹೆಡ್ಡಿಗೆ ಹೋಗುವ ಸ್ಪ್ರಿಂಗ್ ಪಿನ್ನುಗಳು ಒತ್ತುವ ಪುಟ್ಟ ಚುಕ್ಕಿಗಳ ಸಾಲು ಕಾಣುತ್ತದೆ. ಬೆಳ್ಳಗಿರಬೇಕಾದವು ಕೆಲವು ಡಿಸ್ಕುಗಳಲ್ಲಿ ಹೊಗೆ ಹಿಡಿದ ಹಾಗೆ ಕಪ್ಪಾಗಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ. ಡಿಸ್ಕಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

ಡಿಸ್ಕ್ ಟಕ್ ಟಕ್ ಎಂದರೆ ಅಲ್ಲಿಗೇ ನಿಲ್ಲಿಸಿ. ಬಹುಶಃ ಹೆಡ್ಡು ಹೋಗಿದೆ, ಪ್ರತಿ ಸಲ ಕರೆಂಟು ಕೊಟ್ಟಾಗಲೂ ತಟ್ಟೆ ಗೀರಬಹುದು. ಫ್ರಿಜ್ಜಿನಲ್ಲಿಡುವ ಹಳೇ ಉಪಾಯ ನಮ್ಮ ಹವೆಗೆ ಶುದ್ಧ ಅನಾಹುತ, ಹೊರತೆಗೆದ ಕೂಡಲೇ ಬೆವರುತ್ತದೆ. ಇಂಥ ಡಿಸ್ಕು ಡೇಟಾ ತೆಗೆಯುವ ಲ್ಯಾಬಿನ ಕೆಲಸ. ಅಲ್ಲಿಗೆ ಕಳಿಸಲು ಆಂಟಿಸ್ಟ್ಯಾಟಿಕ್ (ಸ್ಥಿರವಿದ್ಯುತ್ ತಡೆಯುವ) ಚೀಲ, ಸುತ್ತ ಎರಡು ಇಂಚು ಬಬಲ್ ರ್‍ಯಾಪ್, ಗಟ್ಟಿ ಪೆಟ್ಟಿಗೆ.

ಸದ್ದಿಲ್ಲದೆ ತಿರುಗುವ ಡಿಸ್ಕಾದರೆ ಮೊದಲು ನಕಲು, ಆಮೇಲೆ ಉಳಿದದ್ದು. ಅಷ್ಟೇ ಅಥವಾ ಹೆಚ್ಚು ದೊಡ್ಡ ಖಾಲಿ ಡಿಸ್ಕ್ ತಂದು, ಲಿನಕ್ಸ್‌ನಲ್ಲಿ ಕೆಟ್ಟ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಹಾಕಿ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ಸುಲಭಕ್ಕೆ ಸಿಕ್ಕಿದ್ದನ್ನು ಎತ್ತಬೇಕು, ಎರಡನೇ ಸುತ್ತಿನಲ್ಲಿ ಕೆಟ್ಟಲ್ಲಿ ಮೂರು ಸಲ ಪ್ರಯತ್ನ. ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ನಡುವೆ ಕರೆಂಟು ಹೋದರೆ ಬಿಟ್ಟಲ್ಲಿಂದ ಮುಂದುವರಿಯುವುದು ಅದರಿಂದಲೇ. 4 ಟಿಬಿಗೆ ಸೆಕೆಂಡಿಗೆ 100 ಎಂಬಿಯಂತೆ ಹನ್ನೊಂದು ತಾಸು. ಹಳೆಯ ಯುಎಸ್‌ಬಿ 2 ಕೇಬಲ್ಲಾದರೆ ಒಂದು ದಿನ ದಾಟುತ್ತದೆ. ಫ್ಯಾನ್ ಗಾಳಿ ಬೀಳುವಂತೆ ಇಡಿ.

ಇನ್ನು ಮುಂದಿನದೆಲ್ಲ ನಕಲಿನ ಮೇಲೆ. ಸಿನಾಲಜಿ, ಕ್ಯೂನ್ಯಾಪ್ ಕಂಪನಿಗಳ ನಾಸ್‌ಗಳಲ್ಲೂ ಸಾಮಾನ್ಯವಾಗಿ ಒಳಗಿರುವುದು ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿಸುವ ಕೂಟ. ಅದನ್ನು ನಿಭಾಯಿಸುವ ಎಂಡಿಎಡಿಎಂ ಪ್ರೋಗ್ರಾಂನ ಎಗ್ಸಾಮಿನ್ ಆದೇಶದಲ್ಲಿ ಪ್ರತಿ ಡಿಸ್ಕಿನ ಈವೆಂಟ್ ಸಂಖ್ಯೆ (ಕೂಟದ ಬದಲಾವಣೆಗಳ ಎಣಿಕೆ) ಕಾಣುತ್ತದೆ. ಎರಡರಲ್ಲಿ ಒಂದು ಹಿಂದುಳಿದಿದ್ದರೆ ಅದು ಯಾವತ್ತೋ ಕೂಟ ಬಿಟ್ಟು ಹೋದದ್ದು, ಅದರಲ್ಲಿ ಹಳೇ ಡೇಟಾ. ದೊಡ್ಡ ಸಂಖ್ಯೆಯದನ್ನೇ ನಂಬಿ. ಕೂಟವನ್ನು ಮತ್ತೆ ಜೋಡಿಸುವ ಅಸೆಂಬಲ್ ಆದೇಶವನ್ನು ರೀಡ್‌ಓನ್ಲಿ (ಓದಲು ಮಾತ್ರ) ಎಂದು ಕೊಡಿ. ಕ್ರಿಯೇಟ್ ಕೊಟ್ಟರೆ ಹಳೆಯ ಗುರುತು ಅಳಿದು ಹೊಸದು ಬರೆಯಲ್ಪಡುತ್ತದೆ. ಮೇಲೆ ಎಲ್‌ವಿಎಂ (ಜಾಗವನ್ನು ಭಾಗಗಳಾಗಿ ಹಂಚುವ ಪದರ) ಇದ್ದರೆ ಅದನ್ನು ಸಕ್ರಿಯಗೊಳಿಸಿ. ಫೈಲ್ ಸಿಸ್ಟಂ ಇಎಕ್ಸ್‌ಟಿ4 ಆದರೆ ಮೌಂಟ್ ಮಾಡುವಾಗ (ತೆರೆಯುವಾಗ) ಆರ್‌ಒ ಜೊತೆ ನೋಲೋಡ್ ಎಂದೂ ಸೇರಿಸಿ, ಇಲ್ಲವಾದರೆ ಓದಲು ಮಾತ್ರ ಎಂದರೂ ಅರ್ಧಕ್ಕೆ ನಿಂತ ಬರಹಗಳ ದಾಖಲೆಯಾದ ಜರ್ನಲನ್ನು ಡಿಸ್ಕಿಗೆ ಬರೆದುಬಿಡಬಹುದು. ಇನ್ನೊಂದು ಫೈಲ್ ಸಿಸ್ಟಂ ಆದ ಬಿಟಿಆರ್‌ಎಫ್‌ಎಸ್ ಮೌಂಟ್ ಆಗದಿದ್ದರೆ ಅದರದೇ ರಿಸ್ಟೋರ್ ಆದೇಶ ಫೈಲುಗಳನ್ನು ಹೊರಗೆ ಎತ್ತಿಕೊಡುತ್ತದೆ.

ಎಲ್ಲ ಡಿಸ್ಕಿನಲ್ಲೂ ಒಂದೇ ಡೇಟಾ ಇರುವ ರೇಡ್ 1 ಆದರೆ ಒಂದೇ ಡಿಸ್ಕಿನಿಂದ ಎಲ್ಲ ಸಿಗುತ್ತದೆ. ಡೇಟಾವನ್ನು ಡಿಸ್ಕುಗಳಿಗೆ ಹಂಚಿಡುವ ಮೂರು ಡಿಸ್ಕಿನ ರೇಡ್ 5ರಲ್ಲಿ ಎರಡು ಕೈಕೊಟ್ಟರೆ ಮುಗಿಯಿತು. ಅದಕ್ಕೇ ಮನೆಗೆ, ಸ್ಟುಡಿಯೋಕ್ಕೆ ರೇಡ್ 5 ಬೇಡವೆಂದು ನನ್ನ ಹಟ. ಉಳಿಯುವ ಜಾಗದ ಆಸೆಗೆ ಇಷ್ಟು ತಲೆನೋವು ಯಾಕೆ?

ಫೋಲ್ಡರ್ ತೆರೆದು ಹೆಸರುಗಳು ಕಂಡವೆಂದು ಹಳೆಯ ಡಿಸ್ಕ್ ಅಳಿಸಬೇಡಿ. ಓದಲಾಗದ ಜಾಗ ನಕಲಿನಲ್ಲಿ ಖಾಲಿಯಾಗಿಯೇ ಉಳಿದಿರುತ್ತದೆ, ಫೈಲಿನ ಹೆಸರು, ಗಾತ್ರ ಮಾತ್ರ ಸರಿಯಾಗಿಯೇ ಕಾಣುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿ. ಯಕ್ಷಗಾನದ ರೆಕಾರ್ಡಿಂಗನ್ನು ಗಣಪತಿ ಪೂಜೆ ನೋಡಿ ಬಿಡದೆ ಮಂಗಳದವರೆಗೂ ಓಡಿಸಿ.